ಭಜ್ಜಿ ಕುದಿಸುವವರಿಗೂ ನಿದ್ದೆ ಬೇಕು

ಎಳ್ಳ ಅಮಾವಾಸ್ಯೆ ಮುಗಿದ ಮೂರನೇ ದಿನ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಆಳಂದ ಕಡೆಯ ಹೆಣ್ಣುಮಗಳೊಬ್ಬರು ಗಂಡನ ಜೊತೆ ಬಂದರು. ಎದೆ ಬಿಗಿ, ತಲೆ ಸಿಡಿತ, ಸಣ್ಣ ಮಾತಿಗೂ ಅಳು. ಇಸಿಜಿ ಮಾಡಿಸಿಕೊಂಡೇ ಬಂದಿದ್ದರು, ಅದು ಸರಿ ಇತ್ತು. ಹಬ್ಬದಲ್ಲಿ ಎಷ್ಟು ಮಲಗಿದ್ರಿ ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. ಎರಡು ರಾತ್ರಿ ಸೇರಿ ಐದು ತಾಸು.

ನಮ್ಮ ಕಡೆ ಆ ಹಬ್ಬದ ಅಡಿಗೆ ಅಂದ್ರೆ ಗೊತ್ತಲ್ವಾ? ಹಸಿ ಕಡಲೆ, ತೊಗರಿ, ಅವರೆ ಸುಲಿಯಬೇಕು. ಮೆಂತ್ಯ, ಪುಂಡಿ ಸೋಸಬೇಕು. ಈ ಕಾಳು, ಪಲ್ಲೆ ಎಲ್ಲ ಕೂಡಿಸಿ ಕುದಿಸುವ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ. ಎಲ್ಲ ಬುಟ್ಟಿಗೆ ಕಟ್ಟಿ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಊರವರಿಗೆಲ್ಲ ಬಡಿಸಬೇಕು. ಪುಣೆ, ಬೆಂಗಳೂರಿಂದ ಬಂದವರ ಹಾಸಿಗೆ, ಸ್ನಾನದ ನೀರು ಬೇರೆ. ನಾನು ನೋಡಿದ ಬಹಳ ಮನೆಗಳಲ್ಲಿ ಇದೆಲ್ಲ ಒಬ್ಬಿಬ್ಬರ ಮೈಮೇಲೇ ಬೀಳುತ್ತದೆ.

ಕೆಲಸ ಜಾಸ್ತಿ ಆದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಒಂದು ದಿನಕ್ಕೆ ಇದು ಒಳ್ಳೆಯದೇ, ಇದರ ಬಲದಲ್ಲೇ ಹಬ್ಬ ದಾಟುತ್ತೇವೆ. ಆದರೆ ನಿದ್ದೆ ಸಿಗದಿದ್ದರೆ ದೇಹದ ಆ ಬಿಗಿ ಇಳಿಯುವುದೇ ಇಲ್ಲ. ನಿದ್ದೆಗೆಟ್ಟ ಮಿದುಳಿಗೆ ನಾದಿನಿಯ ಸುಮ್ನೆ ಆಡಿದ ಮಾತೂ ಚುಚ್ಚಿದ ಹಾಗೆ ಕೇಳುತ್ತದೆ. ನಿದ್ದೆ ತಡೆಯಲು ಚಹಾ ಕುಡಿಯುತ್ತಾರೆ. ಕುಡಿದು ಐದು ತಾಸಾದರೂ ಅದರ ಕೆಫೀನು ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ನಿದ್ದೆಯನ್ನು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹೋಳಿಗೆ ವಾರ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ರೊಟ್ಟಿ ಕೊಂಡು ತಂದರೂ ತಪ್ಪಿಲ್ಲ, ಭೂತಾಯಿ ಸಿಟ್ಟಾಗುವುದಿಲ್ಲ. ಆ ಬೆಳಗ್ಗೆಗೆ ಭಜ್ಜಿ ಒಂದು ಉಳಿದರೆ ಸಾಕು.

ಇನ್ನು ದುಡ್ಡಿನ ಮಾತು. ಆ ಹೊತ್ತಿಗೆ ತೊಗರಿ ಇನ್ನೂ ಹೊಲದಲ್ಲೋ ಕಣದಲ್ಲೋ ಇರುತ್ತದೆ, ಕೈಯಲ್ಲಿ ರೊಕ್ಕ ಇರುವುದಿಲ್ಲ. ತೊಗರಿ ಗಿಡ ಒಣಗಿಸುವ ನೆಟೆ ರೋಗ ಬಿದ್ದ ವರ್ಷವಂತೂ ಗಂಡಸರು ಮಾತೇ ಆಡುವುದಿಲ್ಲ. ಸಾಲ ಮಾಡಿ ಬಟ್ಟೆ ತರುತ್ತಾರೆ, ರಾತ್ರಿ ಕುಡಿಯುತ್ತಾರೆ. ಹಬ್ಬಕ್ಕೆ ಎಂಟು ದಿನ ಮೊದಲು ಗಂಡ ಹೆಂಡತಿ ಕೂತು, ಇಷ್ಟೇ ಖರ್ಚು ಅಂತ ಒಂದು ಅಂಕಿ ಬಾಯಿಬಿಟ್ಟು ಹೇಳಲಿ. ಅಂಕಿ ಚಿಕ್ಕದಿದ್ದರೂ ಪರವಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಬ್ಬ ಇದೆ, ಉಪವಾಸ ಇದೆ ಅಂತ ಗುಳಿಗೆ ಬಿಡಬೇಡಿ. ಮೂರ್ಛೆ ರೋಗ ಇದ್ದವರು ಗುಳಿಗೆ ತಪ್ಪಿಸಿ, ನಿದ್ದೆಗೆಟ್ಟು, ಮೇಲೆ ಕುಡಿದರೆ ಫಿಟ್ಸ್ ಬರುವ ಸಾಧ್ಯತೆ ಬಹಳ. ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಗ್ಗುವ ಬೈಪೋಲಾರ್ ಇರುವವರಿಗೆ ಎರಡು ರಾತ್ರಿ ನಿದ್ದೆ ಹೋದರೂ ಕಾಯಿಲೆ ಮತ್ತೆ ಏಳಬಹುದು. ಎದೆನೋವಿನ ಜೊತೆ ಬೆವರು ಬಂದು ನೋವು ಕೈಗೋ ದವಡೆಗೋ ಹರಿದರೆ ಟೆನ್ಷನ್ ಅಂತ ಮನೆಯಲ್ಲಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಸಾವಾದ ಮೊದಲ ವರ್ಷದ ಹಬ್ಬ ಎಲ್ಲಕ್ಕಿಂತ ಭಾರ. ಅಳುವವರನ್ನು ಅಳಲು ಬಿಡಿ. ಮನಸ್ಸು ತಡೆಯಲಾಗದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ರಾತ್ರಿ ಹಗಲು ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆ ಹೆಣ್ಣುಮಗಳಿಗೆ ನಾನು ಗುಳಿಗೆ ಬರೆಯಲಿಲ್ಲ. ಹದಿನೈದು ದಿನ ಬಿಟ್ಟು ಬರಲು ಹೇಳಿದೆ, ನಾಲ್ಕು ರಾತ್ರಿ ಬೇಗ ಮಲಗಲು ಹೇಳಿದೆ. ಹೊರಗೆ ಕೂತಿದ್ದ ಗಂಡನನ್ನು ಒಳಗೆ ಕರೆದು ಎಲ್ಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಂಡತಿಯ ಕಡೆ ತಿರುಗಿದರು. "ಪಲ್ಲೆ ಸೋಸಾಕ ಎಷ್ಟು ಹೊತ್ತು ಬೇಕು?"

"ಒಬ್ಬಳೇ ಕುಂತ್ರ ನಾಲ್ಕು ತಾಸು. ನಾಲ್ಕು ಮಂದಿ ಕುಂತ್ರ ಒಂದ."