ಗರ್ಭನಿರೋಧಕದ ಜೊತೆಗೆ ಬಂದ ಆರೋಗ್ಯ ತಪಾಸಣೆ: ಅಮೆರಿಕದ ಕುಟುಂಬ ಯೋಜನಾ ಕ್ಲಿನಿಕ್‌ಗಳ ಹಿನ್ನೆಲೆ

ಅಮೆರಿಕದಲ್ಲಿ ವಿಮೆಯಿಲ್ಲದ, ಕಡಿಮೆ ಆದಾಯದ ಅನೇಕ ಮಹಿಳೆಯರಿಗೆ ವರ್ಷದಲ್ಲಿ ಆಗುವ ಏಕೈಕ ವೈದ್ಯಕೀಯ ಭೇಟಿಯೆಂದರೆ ಕುಟುಂಬ ಯೋಜನಾ ಕ್ಲಿನಿಕ್‌ಗೆ ನೀಡುವ ಭೇಟಿ. ಗರ್ಭನಿರೋಧಕಕ್ಕೆಂದು ಬಂದವರ ರಕ್ತದೊತ್ತಡ ಅಳೆಯುವುದು, ಗರ್ಭಕಂಠದ ಕ್ಯಾನ್ಸರಿನ ಮುನ್ಸೂಚನೆಗಾಗಿ ಪ್ಯಾಪ್ ಪರೀಕ್ಷೆ ಮಾಡುವುದು, ಲೈಂಗಿಕ ಸೋಂಕುಗಳನ್ನು ಪತ್ತೆಹಚ್ಚುವುದು ಅಲ್ಲಿ ವಾಡಿಕೆಯಾಗಿದೆ. ಈ ವಾಡಿಕೆ ಹೇಗೆ ಬೆಳೆಯಿತೆಂಬುದನ್ನು ತಿಳಿದರೆ, ಅದು ಇಂದು ಏಕೆ ಅಲುಗಾಡುತ್ತಿದೆಯೆಂಬುದೂ ಅರ್ಥವಾಗುತ್ತದೆ.

1873ರ ಕಾಮ್‌ಸ್ಟಾಕ್ ಕಾಯ್ದೆ ಗರ್ಭನಿರೋಧಕ ಸಾಧನಗಳನ್ನು ಅಶ್ಲೀಲ ವಸ್ತುಗಳ ಸಾಲಿಗೆ ಸೇರಿಸಿ, ಅವುಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತ್ತು. 1916ರಲ್ಲಿ ಗರ್ಭನಿರೋಧಕದ ಹಕ್ಕಿಗಾಗಿ ಹೋರಾಡುತ್ತಿದ್ದ ನರ್ಸ್ ಮಾರ್ಗರೆಟ್ ಸ್ಯಾಂಗರ್ ನ್ಯೂಯಾರ್ಕಿನ ಬ್ರೌನ್ಸ್‌ವಿಲ್‌ನಲ್ಲಿ ತೆರೆದ ಕ್ಲಿನಿಕ್ಕನ್ನು ಪೊಲೀಸರು ಕೆಲವೇ ದಿನಗಳಲ್ಲಿ ಮುಚ್ಚಿಸಿದರು. ಗರ್ಭನಿರೋಧಕ ಬಳಸುವ ಸಾಂವಿಧಾನಿಕ ಹಕ್ಕನ್ನು ಸುಪ್ರೀಂ ಕೋರ್ಟ್ ವಿವಾಹಿತರಿಗೆ ಮಾನ್ಯ ಮಾಡಿದ್ದು 1965ರಲ್ಲಿ, ಅವಿವಾಹಿತರಿಗೆ 1972ರಲ್ಲಿ.

ಈ ನಡುವೆ 1960ರಲ್ಲಿ ಗರ್ಭನಿರೋಧಕ ಮಾತ್ರೆಗೆ ಅನುಮತಿ ದೊರೆತಿತ್ತು. ಆರಂಭದ ಮಾತ್ರೆಗಳಲ್ಲಿ ಹಾರ್ಮೋನಿನ ಪ್ರಮಾಣ ಹೆಚ್ಚಿದ್ದು, ರಕ್ತ ಹೆಪ್ಪುಗಟ್ಟುವ ಅಪಾಯವೂ ಬೆಳಕಿಗೆ ಬಂದುದರಿಂದ ವೈದ್ಯರ ನಿಗಾ ಅನಿವಾರ್ಯವೆನಿಸಿತು. ಅದಾಗಲೇ ಬಳಕೆಗೆ ಬಂದಿದ್ದ ಪ್ಯಾಪ್ ಪರೀಕ್ಷೆಯೂ ಅದೇ ಭೇಟಿಯೊಳಗೆ ಸೇರಿಕೊಂಡಿತು. ಮಾತ್ರೆಗೆ ವೈದ್ಯರ ಚೀಟಿ ಬೇಕಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆಗೆ ಬರಲೇಬೇಕೆಂಬ ಕಟ್ಟುಪಾಡು ಹುಟ್ಟಿದ್ದು ಹೀಗೆ. ಇದರಲ್ಲಿ ಒತ್ತಾಯದ ಅಂಶವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಕ್ಯಾನ್ಸರ್ ತಪಾಸಣೆಗೆಂದೇ ಎಂದೂ ಬಾರದಿದ್ದ ಮಹಿಳೆಯರು ತಪಾಸಣೆಗೆ ಒಳಗಾದದ್ದೂ ಇದರಿಂದಲೇ.

1970ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ‘ಟೈಟಲ್ ಟೆನ್’ ಎಂಬ ಕುಟುಂಬ ಯೋಜನಾ ಕಾಯ್ದೆ ಈ ಸೇವೆಗೆ ಒಕ್ಕೂಟ ಸರ್ಕಾರದ ಹಣ ಒದಗಿಸಿತು. ಬಡತನದ ರೇಖೆಯೊಳಗಿನ ಆದಾಯದವರಿಗೆ ಶುಲ್ಕವಿಲ್ಲ. ಆ ರೇಖೆಯ ಎರಡೂವರೆ ಪಟ್ಟಿನವರೆಗೆ ಆದಾಯಕ್ಕೆ ತಕ್ಕ ರಿಯಾಯಿತಿ. ಆದರೆ ಹಣ ಬಂದಲ್ಲೆಲ್ಲ ವಿಶ್ವಾಸ ಬರಲಿಲ್ಲ. 1973ರಲ್ಲಿ ಅಲಬಾಮಾದ ಮಾಂಟ್‌ಗಮರಿಯಲ್ಲಿ, ಒಕ್ಕೂಟ ಸರ್ಕಾರದ ನೆರವಿದ್ದ ಕ್ಲಿನಿಕ್ಕೊಂದರ ಮೂಲಕ ಇಬ್ಬರು ಕಪ್ಪುವರ್ಣೀಯ ಬಾಲಕಿಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲಾಗಿತ್ತು. ಓದುಬರಹ ಬಾರದ ತಾಯಿ ಏನೆಂದು ತಿಳಿಯದೆ ಕಾಗದಕ್ಕೆ ಗುರುತು ಹಾಕಿದ್ದರು. ಸರ್ಕಾರಿ ಹಣದಿಂದ ನಡೆಯುವ ಇಂಥ ಶಸ್ತ್ರಚಿಕಿತ್ಸೆಗೆ ಕನಿಷ್ಠ 21 ವರ್ಷ ವಯಸ್ಸು, ಲಿಖಿತ ಒಪ್ಪಿಗೆ, 30 ದಿನಗಳ ಕಾಲಾವಕಾಶ ಕಡ್ಡಾಯವಾದದ್ದು ಆ ದಶಕದ ಕೊನೆಯಲ್ಲಿ.

ಮುಂದಿನ ದಶಕಗಳಲ್ಲಿ ಸೇವೆಯ ವ್ಯಾಪ್ತಿ ಹಿಗ್ಗಿತು. ಲಕ್ಷಣಗಳನ್ನೇ ತೋರದೆ ಬಂಜೆತನಕ್ಕೆ ಕಾರಣವಾಗಬಲ್ಲ ಕ್ಲಮೈಡಿಯಾ ಸೋಂಕಿನ ಪರೀಕ್ಷೆ, ಎಚ್‌ಐವಿ ಪರೀಕ್ಷೆ, 2006ರ ನಂತರ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ವಿರುದ್ಧದ ಲಸಿಕೆ ಒಂದೊಂದಾಗಿ ಬಂದವು. ಆದರೆ ಇವೆಲ್ಲವೂ ಗರ್ಭಪಾತದ ರಾಜಕೀಯಕ್ಕೆ ಒತ್ತೆಯಾದವು. ಟೈಟಲ್ ಟೆನ್ ಹಣವನ್ನು ಗರ್ಭಪಾತಕ್ಕೆ ಬಳಸಬಾರದೆಂದು ಮೂಲ ಕಾಯ್ದೆಯೇ ಹೇಳಿದ್ದರೂ, ಆ ವಿಷಯದಲ್ಲಿ ಸಲಹೆ ನೀಡುವುದನ್ನೂ 1988ರ ನಿಯಮ ನಿಷೇಧಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗ ಅಧ್ಯಕ್ಷರಾಗಿದ್ದವರು, 1970ರಲ್ಲಿ ಸಂಸದರಾಗಿ ಟೈಟಲ್ ಟೆನ್ ಪರ ನಿಂತಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್. 2019ರಲ್ಲಿ ಮತ್ತೆ ನಿರ್ಬಂಧಗಳು ಬಂದಾಗ ದೇಶದಾದ್ಯಂತ ಇಂಥ ಕ್ಲಿನಿಕ್‌ಗಳನ್ನು ನಡೆಸುವ ಪ್ಲಾನ್ಡ್ ಪೇರೆಂಟ್‌ಹುಡ್ ಸೇರಿದಂತೆ ಅನೇಕ ಸಂಸ್ಥೆಗಳು ಯೋಜನೆಯಿಂದ ಹೊರನಡೆದವು. 2018ರಲ್ಲಿ ಸುಮಾರು 39 ಲಕ್ಷವಿದ್ದ ಸೇವೆ ಪಡೆದವರ ಸಂಖ್ಯೆ 2020ರಲ್ಲಿ ಸುಮಾರು 15 ಲಕ್ಷಕ್ಕೆ ಕುಸಿಯಿತು. ಈ ಕುಸಿತದಲ್ಲಿ ಕೊರೊನಾದ ಪಾಲೂ ಇದೆ. 2021ರಲ್ಲಿ ಆ ನಿರ್ಬಂಧಗಳು ರದ್ದಾದವು.

ರಾಜಕೀಯದಷ್ಟು ಸದ್ದು ಮಾಡದ ಇನ್ನೊಂದು ಬದಲಾವಣೆ ವೈದ್ಯಕೀಯದ ಒಳಗಿನಿಂದಲೇ ಬಂದಿದೆ. ಪ್ಯಾಪ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕೆಂದು 2012ರಲ್ಲಿ ಶಿಫಾರಸಾಯಿತು. ಮಾತ್ರೆ ಕೊಡಲು ಯೋನಿ ಪರೀಕ್ಷೆ ಬೇಕಿಲ್ಲವೆಂದು 2014ರ ಸರ್ಕಾರಿ ಮಾರ್ಗಸೂಚಿ ಹೇಳಿತು. 2023ರಲ್ಲಿ ಚೀಟಿಯಿಲ್ಲದೆ ಕೊಳ್ಳಬಹುದಾದ ಗರ್ಭನಿರೋಧಕ ಮಾತ್ರೆಗೂ ಅನುಮತಿ ಸಿಕ್ಕಿತು. ಇವು ಮೂರೂ ಮಹಿಳೆಯರಿಗೆ ಅನುಕೂಲಕರವೇ. ಆದರೆ ರಕ್ತದೊತ್ತಡ ಅಳೆಯುವುದಕ್ಕೂ ಕ್ಯಾನ್ಸರ್ ತಪಾಸಣೆಗೂ ನೆಪವಾಗಿದ್ದ ವಾರ್ಷಿಕ ಭೇಟಿ ಇದರಿಂದ ಕಳಚಿಕೊಳ್ಳುತ್ತಿದೆ; ಬೇರೆ ವೈದ್ಯರಿಲ್ಲದವರನ್ನು ಇನ್ನು ಯಾವ ಕಾರಣಕ್ಕೆ ಕ್ಲಿನಿಕ್ಕಿಗೆ ಕರೆಯುವುದೆಂಬ ಪ್ರಶ್ನೆಗೆ ಟೈಟಲ್ ಟೆನ್‌ನ ಪಠ್ಯದಲ್ಲಿ ಉತ್ತರವಿಲ್ಲ.