ಲುಕ್ ಬೋತ್ ವೇಸ್: ಬಣ್ಣದಲ್ಲಿ ಬರುವ ಭಯ, ಫೋಟೋಗಳಲ್ಲಿ ಬರುವ ಭಯ

ಸಾರಾ ವಾಟ್ ಬರೆದು ನಿರ್ದೇಶಿಸಿದ ‘ಲುಕ್ ಬೋತ್ ವೇಸ್’ 2005ರ ಆಸ್ಟ್ರೇಲಿಯನ್ ಚಿತ್ರ. ರಸ್ತೆ ದಾಟುವ ಮಕ್ಕಳಿಗೆ ಹಿರಿಯರು ಹೇಳುವ ‘ಎರಡೂ ಕಡೆ ನೋಡಿಕೊಂಡು ದಾಟು’ ಎಂಬ ಎಚ್ಚರಿಕೆಯೇ ಅದರ ಹೆಸರು. ಕಥೆ ನಡೆಯುವುದು ಅಡಿಲೇಡ್‌ನಲ್ಲಿ, ಬಿರುಬೇಸಿಗೆಯ ಒಂದು ವಾರಾಂತ್ಯದಲ್ಲಿ. ಬಣ್ಣದ ಚಿತ್ರ ಬಿಡಿಸಿ ಜೀವನ ಸಾಗಿಸುವ ಮೆರಿಲ್ ತಂದೆಯ ಅಂತ್ಯಕ್ರಿಯೆ ಮುಗಿಸಿ ಊರಿಗೆ ಮರಳುತ್ತಿರುವಾಗ, ಒಬ್ಬಾತ ರೈಲಿಗೆ ಸಿಕ್ಕಿ ಸಾಯುವುದನ್ನು ಕಣ್ಣಾರೆ ಕಾಣುತ್ತಾಳೆ. ಪತ್ರಿಕಾ ಛಾಯಾಗ್ರಾಹಕ ನಿಕ್ ಮತ್ತು ವರದಿಗಾರ ಆ್ಯಂಡಿ ಆ ಸ್ಥಳಕ್ಕೆ ಬರುತ್ತಾರೆ. ಇವರಲ್ಲದೆ ಸತ್ತವನ ಸಂಗಾತಿ ಜೂಲಿಯಾ, ರೈಲಿನ ಚಾಲಕ, ಸಂಪಾದಕ ಫಿಲ್, ಆ್ಯಂಡಿಯಿಂದ ಗರ್ಭಿಣಿಯಾಗಿರುವ ಆನಾ ಇದ್ದಾರೆ. ಪಾತ್ರಗಳ ಪರಿಚಯಕ್ಕೆ ಇಷ್ಟು ಸಾಕು.

ಪರೀಕ್ಷೆಗಾಗಿ ಈ ಚಿತ್ರದ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವಾಗ ನಾನು ಮೊದಲು ಎಡವಿದ್ದು ಪಾತ್ರಗಳನ್ನು ಜೋಡಿಸುವ ನಕ್ಷೆ ಬರೆಯುವಾಗ. ಹಲವು ಎಳೆಗಳ ಕಥೆ ಎಂದ ಮೇಲೆ ನಡುವೆ ಒಂದು ಘಟನೆ, ಸುತ್ತಲೂ ಅದರ ಪರಿಣಾಮಗಳು ಎಂಬ ಚೌಕಟ್ಟು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಹಾಳೆಯ ನಡುವೆ ‘ರೈಲು ಅಪಘಾತ’ ಎಂದು ಬರೆದು, ಎಲ್ಲ ಪಾತ್ರಗಳಿಗೂ ಅಲ್ಲಿಂದ ಬಾಣ ಎಳೆದೆ. ಜೂಲಿಯಾ, ಚಾಲಕ, ಮೆರಿಲ್ ಸರಿಯಾಗಿ ಕೂತರು. ನಿಕ್ ಮಾತ್ರ ಕೂರಲೇ ಇಲ್ಲ. ಏಕೆಂದರೆ ತನಗೆ ವೃಷಣದ ಕ್ಯಾನ್ಸರ್ ಇದೆಯೆಂದೂ ಅದು ಶ್ವಾಸಕೋಶಕ್ಕೆ ಹರಡಿದೆಯೆಂದೂ ಅವನಿಗೆ ತಿಳಿಯುವುದು ಅಪಘಾತದ ಸ್ಥಳಕ್ಕೆ ಹೋಗುವ ಮೊದಲೇ. ಅಪಘಾತ ಅವನ ಸಂಕಟಕ್ಕೆ ಕಾರಣವಲ್ಲ. ಆನಾಳ ಗರ್ಭಕ್ಕೂ ಅಪಘಾತಕ್ಕೂ ಸಂಬಂಧವಿಲ್ಲ. ಹಾಗಾದರೆ ಇವರನ್ನು ಒಂದೇ ಚಿತ್ರದಲ್ಲಿ ಹಿಡಿದಿಟ್ಟಿರುವುದು ಏನು? ಬಾಣಗಳನ್ನು ಅಳಿಸಿ, ಪ್ರತಿಯೊಂದು ಹೆಸರಿನ ಮುಂದೆ ‘ಇವರಿಗೆ ಈ ವಾರಾಂತ್ಯದಲ್ಲಿ ಸಾವು ಯಾವ ರೂಪದಲ್ಲಿ ಎದುರಾಗುತ್ತದೆ’ ಎಂದು ಬರೆದುಕೊಂಡ ಮೇಲೆ ನಕ್ಷೆ ನಿಂತಿತು. ಫಿಲ್ ಸಿಗರೇಟು ಬಿಡಲು ಹೊರಡುವ ಸಣ್ಣ ಎಳೆ ಆಗ ಹೊರಗುಳಿಯಲಿಲ್ಲ. ಬೇರೆಡೆ ನಡೆದ ದೊಡ್ಡ ರೈಲು ದುರಂತದ ಸುದ್ದಿ ಚಿತ್ರದುದ್ದಕ್ಕೂ ಕೇಳಿಸುತ್ತಿರುವುದು ಏಕೆಂಬುದೂ ತಿಳಿಯಿತು.

ಇನ್ನು ನನ್ನನ್ನು ಮೂರು ದಿನ ಕಾಡಿದ ಭಾಗ. ಮೆರಿಲ್ ನಡೆಯುತ್ತಿರುವಾಗ, ರೈಲಿನಲ್ಲಿ ಕೂತಿರುವಾಗ, ಇದ್ದಕ್ಕಿದ್ದಂತೆ ತೆರೆಯ ಮೇಲೆ ಕೈಯಿಂದ ಬಣ್ಣ ಬಳಿದ ಅನಿಮೇಷನ್ ಬರುತ್ತದೆ: ರೈಲಿಗೆ ಅನಾಹುತವಾಗುತ್ತದೆ, ಶಾರ್ಕ್ ಬಾಯಿ ತೆರೆಯುತ್ತದೆ. ಮರುಕ್ಷಣ ಮೆರಿಲ್ ಏನೂ ಆಗದೆ ಅಲ್ಲೇ ಇರುತ್ತಾಳೆ. ನಿಕ್‌ಗೆ ಇಂಥದೇ ಕ್ಷಣಗಳು ಬಂದಾಗ ಬಣ್ಣವಿಲ್ಲ. ನಿಶ್ಚಲ ಫೋಟೋಗಳು ಒಂದರ ಹಿಂದೊಂದು ಮಿಂಚಿನಂತೆ ಸರಿದುಹೋಗುತ್ತವೆ. ನಾನು ಎರಡನ್ನೂ ‘ಕಲ್ಪನಾ ದೃಶ್ಯಗಳು’ ಎಂಬ ಒಂದೇ ತಲೆಬರಹದಡಿ ಹಾಕಿಬಿಟ್ಟಿದ್ದೆ. ಅದೇ ತಪ್ಪು. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಇದು ನಿಜವೋ ಕಲ್ಪನೆಯೋ’ ಎಂಬುದಲ್ಲ. ‘ಇದು ಯಾವ ವಸ್ತುವಿನಿಂದ ಮಾಡಿದ ಚಿತ್ರ, ಆ ವಸ್ತು ಯಾರ ಕೈಯಲ್ಲಿರುವುದು’ ಎಂಬುದು. ಕುಂಚ ಹಿಡಿಯುವವಳ ಭಯ ಬಣ್ಣದಲ್ಲಿ ಬರುತ್ತದೆ. ಕ್ಯಾಮೆರಾ ಹಿಡಿಯುವವನ ಭಯ ಫೋಟೋಗಳಲ್ಲಿ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಏಕೆಂದರೆ ನನಗೆ ಗೊಂದಲ ಬಿಡಿಸಿದ್ದು ಈ ಹೆಜ್ಜೆಯೇ. ಬಣ್ಣಕ್ಕೆ ಆಧಾರ ಬೇಕಿಲ್ಲ. ನಡೆಯದೆ ಇರುವುದನ್ನೂ ಬರೆಯಬಹುದು. ಆದ್ದರಿಂದ ಮೆರಿಲ್‌ಳ ಸಾವುಗಳು ಬಗೆಬಗೆಯಾಗಿ, ಒಮ್ಮೊಮ್ಮೆ ನಗು ಬರುವಷ್ಟು ಅತಿಯಾಗಿ ಇರುತ್ತವೆ. ಫೋಟೋಗೆ ಎದುರಿಗೆ ಏನಾದರೂ ಇರಲೇಬೇಕು. ಅದು ಆಗಿಹೋದದ್ದರ ಗುರುತು. ನಿಕ್‌ನ ಭಯಕ್ಕೂ ಆಧಾರವಿದೆ: ವೈದ್ಯರು ಹೇಳಿಯಾಗಿದೆ, ತಂದೆ ಕ್ಯಾನ್ಸರ್‌ನಿಂದ ಸತ್ತದ್ದನ್ನು ಅವನು ನೋಡಿದ್ದಾನೆ. ಒಬ್ಬಳಿಗೆ ಬಾರದ ಸಾವುಗಳ ರಾಶಿ, ಇನ್ನೊಬ್ಬನಿಗೆ ಬಂದು ಬಾಗಿಲಲ್ಲಿ ನಿಂತ ಒಂದೇ ಸಾವು.

ಇದನ್ನು ಹಿಡಿದುಕೊಂಡರೆ ಕೊನೆಯ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೊನೆಯಲ್ಲಿ ನಿಕ್‌ನ ಚಿಕಿತ್ಸೆ ಮತ್ತು ಅವನೂ ಮೆರಿಲ್ಲೂ ಒಟ್ಟಿಗೆ ಕಳೆದ ದಿನಗಳು ಬರುವುದು ಫೋಟೋಗಳ ಸಾಲಾಗಿ. ಮೊದಲ ಸಲ ನೋಡಿದಾಗ ಇದು ಕಥೆಯನ್ನು ಬೇಗ ಮುಗಿಸುವ ಉಪಾಯ ಎಂದುಕೊಂಡಿದ್ದೆ. ಆದರೆ ಅಲ್ಲಿಯವರೆಗೆ ನಿಕ್‌ನ ಭಯ ಮಾತಾಡುತ್ತಿದ್ದ ಭಾಷೆಯೇ ಇದು. ಅದೇ ಭಾಷೆಯಲ್ಲಿ ಈಗ ಬದುಕು ಹೇಳಿಸಿಕೊಳ್ಳುತ್ತಿದೆ. ಇದೂ ನಿಕ್‌ನ ಕಲ್ಪನೆಯೇ ಇರಬಾರದೇಕೆ ಎಂದು ಕೇಳುವವರಿಗೆ ನಾನು ಫೋಟೋದ ಸ್ವಭಾವವನ್ನೇ ಉತ್ತರವಾಗಿ ಕೊಡುತ್ತೇನೆ. ಒಪ್ಪದವರು ಒಪ್ಪದೆ ಇರಬಹುದು, ಪರೀಕ್ಷೆಯಲ್ಲಿ ಎರಡೂ ವಾದಗಳನ್ನು ಬರೆಯುವುದು ಕ್ಷೇಮ.

ಹಿನ್ನೆಲೆಯ ಸಂಗತಿಗಳನ್ನು ಚುಟುಕಾಗಿ ಬರೆದಿಡುತ್ತೇನೆ. ವಾಟ್ ಅನಿಮೇಷನ್‌ನಿಂದ ಬಂದವರು, ಇದು ಅವರ ಮೊದಲ ಪೂರ್ಣಾವಧಿ ಚಿತ್ರ. ಮೆರಿಲ್ ಆಗಿ ಜಸ್ಟೀನ್ ಕ್ಲಾರ್ಕ್, ನಿಕ್ ಆಗಿ ವಾಟ್ ಅವರ ಪತಿ ವಿಲಿಯಂ ಮ್ಯಾಕಿನಿಸ್ ನಟಿಸಿದ್ದಾರೆ. 2005ರ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಶಸ್ತಿಗಳಲ್ಲಿ ಇದಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ಸ್ವತಂತ್ರ ಚಿತ್ರಕಥೆ ಪ್ರಶಸ್ತಿಗಳು ಬಂದವು; ಆ್ಯಂಡಿಯ ಪಾತ್ರ ಮಾಡಿದ ಆ್ಯಂಟನಿ ಹೇಯ್ಸ್ ಪೋಷಕ ನಟ ಪ್ರಶಸ್ತಿ ಪಡೆದರು. ಇಲ್ಲಿ ಒಂದು ಎಚ್ಚರಿಕೆ: ವಾಟ್ ತಮ್ಮ ಕ್ಯಾನ್ಸರ್ ಅನುಭವವನ್ನೇ ಕಥೆ ಮಾಡಿದರು ಎಂದು ನಾನು ನನ್ನ ಮೊದಲ ಕರಡಿನಲ್ಲಿ ಬರೆದಿದ್ದೆ. ಅನುಕ್ರಮ ಹಾಗಿಲ್ಲ. ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾದದ್ದು ಚಿತ್ರೀಕರಣ ಮುಗಿದು ನಂತರದ ಕೆಲಸ ನಡೆಯುತ್ತಿದ್ದಾಗ. ಚಿತ್ರಕಥೆ ಅದಕ್ಕೂ ಮೊದಲಿನದು. ಅವರು 2011ರ ನವೆಂಬರ್‌ನಲ್ಲಿ ತೀರಿಕೊಂಡರು.

ಕೊನೆಗೆ ನನ್ನ ಸೂತ್ರಕ್ಕೆ ಸಿಗದೆ ಉಳಿದ ಒಂದು ಪಾತ್ರದ ಬಗ್ಗೆ ಬರೆಯಬೇಕು. ಸಾವನ್ನು ಎಲ್ಲರಿಗಿಂತ ಹತ್ತಿರದಿಂದ, ಗಾಜಿನಾಚೆ ಎದುರೆದುರೇ ಕಂಡವನು ರೈಲಿನ ಚಾಲಕ. ಆದರೆ ಅವನ ಮನಸ್ಸಿನೊಳಗಿನ ಬಣ್ಣವನ್ನಾಗಲಿ ಫೋಟೋವನ್ನಾಗಲಿ ಚಿತ್ರ ನಮಗೆ ತೋರಿಸುವುದಿಲ್ಲ. ಮನೆಯಲ್ಲಿ ಮಾತಿಲ್ಲದೆ ಕೂತ ಅವನ ಮುಖವಷ್ಟೇ ಕಾಣುತ್ತದೆ. ಅವನು ಕೊನೆಗೂ ಮನೆಯಿಂದ ಹೊರಬಿದ್ದು ಹೋಗುವುದು ಜೂಲಿಯಾಳ ಬಾಗಿಲಿಗೆ.