ಹಳಿ ಕಿತ್ತ ಮೇಲೂ ತುಂಡಾಗದ ದಾರಿ: ರೈಲ್ ಟ್ರೇಲ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ರೈಲ್ ಟ್ರೇಲ್ ಅಂದರೆ ರೈಲು ನಿಂತ ದಾರಿಯ ಹಳಿ ಕಿತ್ತು ನಡಿಗೆಗೆ, ಸೈಕಲ್‌ಗೆ ಮಾಡಿಕೊಂಡ ದಾರಿ. ಶಿರಸಿಗೆ ರೈಲೇ ಬಂದಿಲ್ಲ, ಮುಚ್ಚಿಹೋದ ರೈಲು ದಾರಿಗಳ ಬಗ್ಗೆ ನಾವು ಯಾಕೆ ಓದಬೇಕು ಅಂತ ನಮ್ಮ ಓದಿನ ಗುಂಪಿನಲ್ಲಿ ಒಬ್ಬರು ಕೇಳಿದರು. ನನಗೂ ಮೊದಲು ಹಾಗೇ ಅನಿಸಿತ್ತು. ಓದುತ್ತಾ ಹೋದ ಹಾಗೆ ಇದು ರೈಲಿಗಿಂತ ಜಾಸ್ತಿ ನೆಲಕ್ಕೆ ಸಂಬಂಧಪಟ್ಟ ವಿಷಯ ಅಂತ ಗೊತ್ತಾಯ್ತು. ಮೈಲಿಗಟ್ಟಲೆ ಉದ್ದದ ಒಂದು ಪಟ್ಟಿ ನೆಲ ತುಂಡಾಗದ ಹಾಗೆ ಉಳಿಸಿಕೊಳ್ಳುವುದು ಹೇಗೆ? ಎಲ್ಲ ಚರ್ಚೆಯೂ ಇದರ ಸುತ್ತವೇ ಇದೆ. ತೋಟ, ಬೆಟ್ಟ, ಕಾಲುದಾರಿಗಳ ನಡುವೆ ಬೆಳೆದ ನಮಗೆ ಇದು ಬೇಗ ತಲೆಗೆ ಹತ್ತುತ್ತದೆ.

ಮೊದಲು ಏರಿನ ಲೆಕ್ಕ ನೋಡೋಣ. ದೇವಿಮನೆ ಘಟ್ಟವನ್ನು ಸೈಕಲ್‌ನಲ್ಲಿ ಹತ್ತಲು ಹೋಗಿ ಅರ್ಧ ದಾರಿಗೇ ಇಳಿದು ತಳ್ಳಿದವನು ನಾನು. ರಸ್ತೆ ಅಷ್ಟು ಏರಬಹುದು, ಯಾಕೆಂದರೆ ರಬ್ಬರ್ ಟಯರಿಗೆ ಹಿಡಿತ ಇದೆ. ರೈಲಿನದು ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ. ಹಿಡಿತ ಕಡಿಮೆ. ಹಾಗಾಗಿ ಗುಡ್ಡ ಬಂದರೆ ಸೀಳಬೇಕು, ಇಲ್ಲವೇ ಸುರಂಗ ಕೊರೆಯಬೇಕು. ತಗ್ಗು ಬಂದರೆ ಮಣ್ಣು ತುಂಬಿ ಏರಿ ಕಟ್ಟಬೇಕು. ಕಾರವಾರದ ಮೇಲೆ ಹಾಯುವ ಕೊಂಕಣ ರೈಲ್ವೆಯನ್ನು 150ಕ್ಕೆ 1ರ ಏರು ಮೀರದ ಹಾಗೆ ಕಟ್ಟಿದ್ದಾರೆ, ಅಂದರೆ 150 ಮೀಟರ್ ಹೋದರೆ 1 ಮೀಟರ್ ಮೇಲೇರುವುದು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂಗೆ ಇಳಿಯುವ ಬ್ರಗಾಂಜಾ ಘಟ್ಟದಲ್ಲಿ ಅದು 37ಕ್ಕೆ 1.

ಇದನ್ನು ಮನೆಯ ಜಗಲಿಯಲ್ಲೇ ಮಾಡಿ ನೋಡಿ. ಒಂದೂವರೆ ಮೀಟರ್ ಉದ್ದದ ಹಲಗೆ ತಗೊಳ್ಳಿ. ಒಂದು ತುದಿಯ ಕೆಳಗೆ 1 ಸೆಂಟಿಮೀಟರ್ ದಪ್ಪದ ನೋಟ್‌ಬುಕ್ ಇಡಿ. ಅದು ಕೊಂಕಣ ರೈಲ್ವೆ. ಹಲಗೆ ಓರೆ ಇದೆ ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಗೋಲಿ ಬಿಟ್ಟರೆ ಮಾತ್ರ ಮೆಲ್ಲಗೆ ಉರುಳುತ್ತದೆ. ಅಂಥವೇ ನಾಲ್ಕು ನೋಟ್‌ಬುಕ್ ಇಟ್ಟರೆ ಬ್ರಗಾಂಜಾ ಘಟ್ಟ. ನಾಲ್ಕಾದರೂ ನಡೆಯುವವರಿಗೆ ಅದು ದೊಡ್ಡ ಏರಲ್ಲ, ಅಲ್ವಾ? ಹಳಿ ಕಿತ್ತ ರೈಲು ದಾರಿಯಲ್ಲಿ ಅಜ್ಜ ಅಜ್ಜಿಯರು, ಸೈಕಲ್ ಕಲಿಯುವ ಮಕ್ಕಳು, ಗಾಲಿಕುರ್ಚಿಯವರು ಎಲ್ಲರೂ ಹೋಗಬಹುದಾದದ್ದು ಇದರಿಂದಲೇ.

ಈಗ ಇತಿಹಾಸಕ್ಕೆ ಬರೋಣ. ಅಮೆರಿಕದ ರೈಲು ಜಾಲ ಅತಿ ದೊಡ್ಡದಾಗಿದ್ದು 1916ರ ಸುಮಾರಿಗೆ, 4 ಲಕ್ಷ ಕಿಲೋಮೀಟರ್‌ಗೂ ಹೆಚ್ಚು. ಆಮೇಲೆ ಕಾರು, ಲಾರಿ ಬಂದವು. ಸಣ್ಣ ದಾರಿಗಳು ಒಂದೊಂದಾಗಿ ಮುಚ್ಚಿದವು. ಶಿಕಾಗೋ ಪಕ್ಕದ ಒಂದು ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದು ನಿಲ್ಲಿಸಿತು. ಹಳಿಯ ನೆಲ ಖಾಲಿ ಬಿತ್ತು. ಮೇ ವಾಟ್ಸ್ ಎಂಬ ನಿಸರ್ಗ ಅಧ್ಯಯನಕಾರ್ತಿ ಇಂಗ್ಲೆಂಡಿನ ಕಾಲುದಾರಿಗಳಲ್ಲಿ ನಡೆದಾಡಿ ಬಂದಿದ್ದವರು. ಈ ನೆಲ ನಡೆಯುವವರಿಗೆ ಉಳಿಯಲಿ ಅಂತ 1963ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಪತ್ರ ಬರೆದರು. ಇಲಿನಾಯ್ ಪ್ರೇರಿ ಪಾತ್ ಎಂಬ ನಡಿಗೆಯ ದಾರಿ ಹುಟ್ಟಿದ್ದು ಆ ಪತ್ರದಿಂದ. ಒಂದು ವಾಚಕರ ಪತ್ರಕ್ಕೆ ಇಷ್ಟು ಬಲ ಇತ್ತು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ನನ್ನ ಮನಸ್ಸು ಜಾಸ್ತಿ ನಿಂತಿದ್ದು ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ದಾರಿಯ ಮೇಲೆ. ಸುಮಾರು 52 ಕಿಲೋಮೀಟರ್ ಉದ್ದ. 1873ರಲ್ಲಿ ರೈಲು ಓಡಿದ ದಾರಿ ಅದು. ಕೊನೆಗೆ ರೈಲು ನಿಂತಾಗ ರಾಜ್ಯ ಸರ್ಕಾರವೇ ಕೊಂಡುಕೊಂಡಿತು. 1967ರಲ್ಲಿ ಸೈಕಲ್‌ಗೆ, ನಡಿಗೆಗೆ ತೆರೆಯಿತು. ಹಳಿ, ಸ್ಲೀಪರ್ ತೆಗೆದು ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದರು. ಸೇತುವೆಗಳಿಗೆ ಹಲಗೆ, ಹಿಡಿದುಕೊಳ್ಳಲು ಕಂಬಿ ಬಂತು. ನೀರು ಹೋಗಲು ರೈಲಿನವರು ಕಟ್ಟಿದ್ದ ವ್ಯವಸ್ಥೆಯೇ ಇವರಿಗೂ ಒದಗಿತು. ಹೊಸದಾಗಿ ದಾರಿ ಮಾಡಲು ಹೊರಟಿದ್ದರೆ ಗುಡ್ಡ ಸೀಳುವ, ಏರಿ ಕಟ್ಟುವ ಖರ್ಚು ಯಾರು ಕೊಡುತ್ತಿದ್ದರು?

ಆ ದಾರಿಯಲ್ಲಿ ಮೂರು ಸುರಂಗ. ಅತಿ ಉದ್ದದ್ದು ಒಂದು ಕಿಲೋಮೀಟರ್ ದಾಟುತ್ತದೆ. ನಮ್ಮ ಕಾರವಾರದ ರೈಲು ಸುರಂಗ 2.95 ಕಿಲೋಮೀಟರ್, ಅದರ ಮುಂದೆ ಇದು ಸಣ್ಣದೇ. ಆದರೆ ಇದರೊಳಗೆ ನಡೆದು ಹೋಗಬಹುದು! ಸೈಕಲ್ ಇಳಿದು, ಟಾರ್ಚ್ ಹಿಡಿದು, ಮೇಲಿನಿಂದ ತೊಟ್ಟಿಕ್ಕುವ ನೀರಿನಲ್ಲಿ ನೆನೆಯುತ್ತಾ ಹೋಗಬೇಕು. ಸುರಂಗದ ಬಾಯಿಗೆ ದೊಡ್ಡ ದೊಡ್ಡ ಮರದ ಬಾಗಿಲು. ರೈಲು ಸುರಂಗಕ್ಕೆ ಬಾಗಿಲು ಯಾಕೆ ಅಂತ ನಾನು ತಲೆ ಕೆರೆದುಕೊಂಡೆ. ಕಾರಣ ಅಲ್ಲಿನ ಚಳಿ. ಕಲ್ಲಿನ ಬಿರುಕಿನ ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ, ಬಾಯಿ ತನಕ ತುಂಬಿ ಫ್ರೀಜರಿನಲ್ಲಿಟ್ಟ ಗಾಜಿನ ಬಾಟಲಿ ಒಡೆಯುತ್ತದಲ್ಲ, ಹಾಗೆ. ಒಳಗಿನ ಕಲ್ಲು ಒಡೆಯಬಾರದು ಅಂತ ಚಳಿಗಾಲದಲ್ಲಿ ಬಾಗಿಲು ಮುಚ್ಚಿಡುತ್ತಿದ್ದರು. ರೈಲು ಬಂದಾಗ ಕಾವಲುಗಾರ ತೆರೆಯಬೇಕು, ಹೋದ ಮೇಲೆ ಮತ್ತೆ ಮುಚ್ಚಬೇಕು. ರೈಲು ನಿಂತು ದಶಕಗಳೇ ಕಳೆದರೂ ಚಳಿಗಾಲದಲ್ಲಿ ಆ ಬಾಗಿಲು ಮುಚ್ಚುವ ರೂಢಿ ನಿಂತಿಲ್ಲ.

ಆಮೇಲೆ ಬಂದವು ಎಷ್ಟೋ ಇವೆ. ನ್ಯೂಜಿಲೆಂಡಿನ ಒಟಾಗೊ ದಾರಿಯಲ್ಲಿ 1990ರಲ್ಲಿ ರೈಲು ನಿಂತಿತು, 2000ದಲ್ಲಿ ಸೈಕಲ್ ಬಂತು. ಸುಮಾರು 150 ಕಿಲೋಮೀಟರ್ ಉದ್ದಕ್ಕೂ ಸಣ್ಣ ಊರುಗಳಲ್ಲಿ ಹೋಮ್‌ಸ್ಟೇ, ಹೋಟೆಲು ಎದ್ದವು. ನ್ಯೂಯಾರ್ಕಿನ ಹೈಲೈನ್, ಅಂದರೆ ಎತ್ತರದ ಹಳೇ ರೈಲು ದಾರಿಯ ಮೇಲೆ ಮಾಡಿದ ಉದ್ಯಾನ, ಹೆಸರುವಾಸಿ. ಅದರ ಮೊದಲ ಭಾಗ ತೆರೆದದ್ದು 2009ರಲ್ಲಿ.

ಪರೀಕ್ಷೆಗೆ ಓದುವವರು ಎಡವುವುದು ಕಾನೂನಿನ ಭಾಗದಲ್ಲಿ. ಅದಕ್ಕೆ ನಮ್ಮ ಸೊಪ್ಪಿನ ಬೆಟ್ಟವನ್ನೇ ನೆನಪು ಮಾಡಿಕೊಳ್ಳಿ. ಅಡಿಕೆ ತೋಟದವರಿಗೆ ಬೆಟ್ಟದಿಂದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರುವ ಹಕ್ಕಿದೆ. ಹಾಗಂತ ಬೆಟ್ಟ ಅವರ ಸ್ವಂತದ್ದಲ್ಲ. ಬಳಸುವ ಹಕ್ಕು ಬೇರೆ, ನೆಲದ ಒಡೆತನ ಬೇರೆ. ಅಮೆರಿಕದಲ್ಲಿ ಅನೇಕ ಕಡೆ ರೈಲು ಕಂಪನಿಗಳಿಗೆ ಇದ್ದದ್ದೂ ರೈಲು ಓಡಿಸುವ ಹಕ್ಕು ಮಾತ್ರ. ಓಡಿಸುವುದು ಬಿಟ್ಟರೆ ಹಕ್ಕು ಮುಗಿಯಿತು, ನೆಲ ಅಕ್ಕಪಕ್ಕದವರ ಪಾಲಾಯಿತು. ಒಬ್ಬರು ಬೇಲಿ ಹಾಕಿದರೂ ಸಾಕು, 50 ಕಿಲೋಮೀಟರ್ ದಾರಿ ಎರಡು ತುಂಡು. ಮತ್ತೆ ಜೋಡಿಸಲು ಒಬ್ಬೊಬ್ಬರ ಹತ್ತಿರವೂ ಕೊಳ್ಳಬೇಕು.

ಇದಕ್ಕೆ ಅಮೆರಿಕದ ರಾಷ್ಟ್ರೀಯ ಟ್ರೇಲ್ ಕಾನೂನಿಗೆ ಬಂದ 1983ರ ತಿದ್ದುಪಡಿ ಒಂದು ಉಪಾಯ ಹುಡುಕಿತು. ಹೆಸರು ರೈಲ್‌ಬ್ಯಾಂಕಿಂಗ್. ಕಂಪನಿ ರೈಲು ನಿಲ್ಲಿಸಿದರೂ ದಾರಿಯನ್ನು ಕೈಬಿಟ್ಟ ಹಾಗೆ ಅಲ್ಲ, ಮುಂದೆ ಬೇಕಾಗಬಹುದು ಅಂತ ಇಟ್ಟುಕೊಂಡ ಹಾಗೆ. ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ಹೊಡೆಯಲಿ. ನೆಲದವರು ಸುಮ್ನೆ ಕೂರಲಿಲ್ಲ. ವರ್ಮಾಂಟ್ ರಾಜ್ಯದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1990ರಲ್ಲಿ ಕೋರ್ಟು ಕಾನೂನು ಸರಿ ಅಂದಿತು, ಆದರೆ ನೆಲದವರು ಪರಿಹಾರ ಕೇಳಬಹುದು ಅಂತಲೂ ಹೇಳಿತು. ಈ ಎರಡನೇ ಮಾತನ್ನು ಬಿಟ್ಟು ಬರೆಯಬೇಡಿ. ದಾರಿ ಬೇಕು ಅನ್ನುವವರ ಹಾಗೆ ನೆಲದವರ ಮಾತಿನಲ್ಲೂ ಸತ್ಯ ಇದೆ.

ಮುಂದೆ ಬೇಕಾಗಬಹುದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ: ಅಳ್ನಾವರ–ದಾಂಡೇಲಿ ದಾರಿ. ಮರ ಸಾಗಿಸಲು ಹುಟ್ಟಿದ ದಾರಿ ಅದು. ಅಲ್ಲಿ ಪ್ರಯಾಣಿಕರ ರೈಲು ನಿಂತು ಎರಡು ದಶಕ ದಾಟಿತ್ತು. 2019ರ ನವೆಂಬರ್‌ನಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿಗೆ ಮತ್ತೆ ರೈಲು ಬಂತು. ದಾರಿ ಇಡಿಯಾಗಿ ಉಳಿದಿತ್ತು, ಅದಕ್ಕೇ ಬಂತು.

ಹಾಗಾದರೆ ಸಕಲೇಶಪುರ–ಸುಬ್ರಹ್ಮಣ್ಯದ ಗ್ರೀನ್ ರೂಟ್ ರೈಲ್ ಟ್ರೇಲ್ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಕಿರಿದಾದ ಮೀಟರ್‌ಗೇಜ್ ಹಳಿಯನ್ನು ಅಗಲದ ಹಳಿಗೆ ಬದಲಿಸಲು 1996ರಲ್ಲಿ ರೈಲು ನಿಲ್ಲಿಸಿದ್ದಾಗ ಚಾರಣಿಗರು ಹಳಿಯ ಮೇಲೆ ನಡೆದರು, ಅಷ್ಟೇ. ಈಗ ಅಲ್ಲಿ ರೈಲು ಓಡುತ್ತದೆ. ದೂಧ್‌ಸಾಗರದ ದಾರಿಯೂ ಹಾಗೇ. ಎರಡೂ ಕಡೆ ಹಳಿಯ ಮೇಲೆ ನಡೆಯುವುದು ನಿಷಿದ್ಧ. ಕ್ಯಾಸಲ್‌ರಾಕ್‌ಗೆ ಹೋದರೆ ಪ್ಲಾಟ್‌ಫಾರ್ಮ್ ಮೇಲೆ ನಿಂತೇ ಹಳಿಯ ತಲೆ ನೋಡಿ. ಗಾಲಿ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ, ಪಕ್ಕದ ಮೈ ಮಾತ್ರ ಕಂದು ತುಕ್ಕು. ರೈಲು ನಿಂತ ದಾರಿಯಲ್ಲಿ ಆ ಹೊಳಪು ಮೊದಲ ಮಳೆಗೇ ಕೆಂಪಾಗುತ್ತದೆ.